ಏಳನೇ ಕ್ಲಾಸಿನ ವಿಸ್ಮಯಾ

ಮೋಹಿನಿ ಸುಳ್ಳು ಹೇಳುವ ಜಾಯಮಾನದವಳಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಆರು ವರ್ಷ ಪ್ರೈಮರಿ ಮಕ್ಕಳಿಗೆ ಪಾಠ ಹೇಳಿದವಳು. ಹೋಂವರ್ಕ್ ಮಾಡದೆ ಬಂದ ಮಗು ಒಮ್ಮೆ ಕಣ್ಣು ತಪ್ಪಿಸಿದರೆ ಸಾಕು, ಹಿಡಿದುಬಿಡುತ್ತಿದ್ದಳು. ಮದುವೆಯಾಗಿ, ಗಂಡ ಅನಿಲನ ಸಾಫ್ಟ್‌ವೇರ್ ಕೆಲಸದ ಹಿಂದೆ ಮಲೇಷ್ಯಾಕ್ಕೆ ಬಂದಮೇಲೆ ಪಾಠ ನಿಂತಿತು. ಗಂಡನ ವೀಸಾದ ಮೇಲೆ ಬಂದ ಹೆಂಡತಿ ಇಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಆದರೂ ಟೀಚರಮ್ಮನ ನೆಟ್ಟಗಿನ ನಡೆ ಹೋಗಲಿಲ್ಲ. ಅಂಥವಳು ಒಂದು ಸುಳ್ಳು ಹೇಳಿದಳು. ಹೇಳಿದ್ದು ಒಂದೇ, ಆದರೆ ಅದನ್ನು ಸುಮಾರು ಎರಡು ವರ್ಷ ಹೇಳುತ್ತಲೇ ಹೋದಳು.

ಅವಳಿಗೆ ಒಬ್ಬಳೇ ಮಗಳು, ವಿಸ್ಮಯಾ. ಎಂಟು ವರ್ಷ ತುಂಬಿದ ಮೇಲೆ ಮೈಮೇಲೆ ನೀಲಿ ಕಲೆಗಳು ಏಳತೊಡಗಿದವು. ಬ್ಯಾಡ್ಮಿಂಟನ್ ಆಡುವಾಗ ಎಲ್ಲೋ ತಾಗಿಸಿಕೊಂಡಿರಬೇಕು ಅಂದುಕೊಂಡರು. ಆಮೇಲೆ ಮೂಗಿನಿಂದ ರಕ್ತ ಬಂತು, ನಿಲ್ಲಲಿಲ್ಲ. ಏಪ್ಲಾಸ್ಟಿಕ್ ಅನೀಮಿಯಾ ಎಂದರು ಡಾಕ್ಟರು. ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವ ಕೆಲಸವನ್ನೇ ಬಿಟ್ಟುಬಿಡುತ್ತದೆ. ಯಾಕೆ ಅಂತ ಬಹಳಷ್ಟು ಸಲ ಗೊತ್ತಾಗುವುದೇ ಇಲ್ಲ. ಹೊಂದುವ ಅಣ್ಣ ತಮ್ಮ ಅಕ್ಕ ತಂಗಿ ಇದ್ದರೆ ಅವರ ಮಜ್ಜೆ ಕೊಡಬಹುದು. ವಿಸ್ಮಯಾಗೆ ಯಾರೂ ಇರಲಿಲ್ಲ. ಹಾಗಾಗಿ ಸೀರಂ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಮಾತ್ರೆ ಕೊಟ್ಟು, ಮಜ್ಜೆ ತಾನಾಗಿ ಎಚ್ಚೆತ್ತುಕೊಳ್ಳಲಿ ಎಂದು ಕಾದರು. ಕಾಯುತ್ತಿದ್ದಾಗಲೇ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಎರಡು ಸಾವಿರದ ಹದಿನೇಳರ ಆಗಸ್ಟಿನಲ್ಲಿ ಮಗು ಹೋಯಿತು. ಬೂದಿಯನ್ನು ಪೋರ್ಟ್ ಕ್ಲಾಂಗ್‌ನ ಸಮುದ್ರಕ್ಕೆ ಬಿಟ್ಟರು.

ಊರಿಗೆ ಬಂದುಬಿಡಿ ಎಂದು ಮೈಸೂರಿನಿಂದ ದಿನಾ ಫೋನು. ಮೋಹಿನಿ ಒಪ್ಪಲಿಲ್ಲ. ಪೆಟಾಲಿಂಗ್ ಜಯಾದ ಹದಿನಾಲ್ಕನೇ ಮಹಡಿಯ ಆ ಮನೆಯಲ್ಲಿ ಮಗಳ ಕೋಣೆಯ ಬಾಗಿಲು ಎಳೆದುಕೊಂಡು, ಹೊರಗೆ ತಾನು ಉಳಿದಳು.

ಒಂದು ವರ್ಷ ಕಳೆದಮೇಲೆ ಬೀರುವಿನಲ್ಲಿ ಉಳಿದಿದ್ದ ಮಾಸ್ಕುಗಳು, ಮಕ್ಕಳ ಮೆತ್ತನೆಯ ಟೂತ್‌ಬ್ರಷ್‌ಗಳನ್ನು ಕೊಟ್ಟುಬರೋಣವೆಂದು ವಿಸ್ಮಯಾ ಇದ್ದ ಕ್ವಾಲಾಲಂಪುರದ ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋದಳು. ಆ ಕಾಯಿಲೆಯ ಮಕ್ಕಳಿಗೆ ಸಾಮಾನ್ಯ ಬ್ರಷ್ ತಾಗಿದರೂ ಒಸಡಿನಲ್ಲಿ ರಕ್ತ ಬರುತ್ತದೆ. ಕಾರಿಡಾರಿನಲ್ಲಿ ಕೂತಿದ್ದ ತಾಯಿಯೊಬ್ಬಳಿಗೆ ಅದನ್ನು ವಿವರಿಸಿದಳು. "ನಿಮಗೆ ಹೇಗೆ ಗೊತ್ತು?" ಎಂದು ಆಕೆ ಕೇಳಿದಳು. "ನನ್ನ ಮಗಳಿಗೂ ಇದೇ ಆಗಿತ್ತು." "ಈಗ?"

ಆ ಹೆಂಗಸಿನ ಮುಖ ಹೇಗಿತ್ತೆಂದರೆ, ಮೋಹಿನಿಯ ಬಾಯಿ ತಾನಾಗಿಯೇ ಆಡಿಬಿಟ್ಟಿತು: "ಸ್ಕೂಲಿಗೆ ಹೋಗ್ತಾಳೆ."

ಆಕೆ ಮೋಹಿನಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಮಾತನ್ನು ಇನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಮುಂದಿನ ವಾರ ಮತ್ತೆ ಹೋದಳು. ವಾರಕ್ಕೆರಡು ಸಲ, ಬಿಸಿಬಿಸಿ ರವೆ ಗಂಜಿ, ಮೆತ್ತಗೆ ಬೆಂದ ಅನ್ನ ಬೇಳೆ ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋಗುವುದು ರೂಢಿಯಾಯಿತು. ಹಸಿ ಹಣ್ಣು ಕೊಡಬೇಡಿ, ಜ್ವರ ಬಂದರೆ ಕಾಯಬೇಡಿ, ಡಾಕ್ಟರನ್ನು ಇದನ್ನು ಕೇಳಿ, ಇದನ್ನು ಬರೆದಿಟ್ಟುಕೊಳ್ಳಿ ಎಂದು ಹೇಳಿಕೊಡುತ್ತಿದ್ದಳು. ತಮಿಳರು, ಮಲಯರು, ಚೀನೀಯರು, ಎಲ್ಲ ತಾಯಂದಿರೂ 'ಮೋಹಿನಿ ಅಕ್ಕ' ಎನ್ನತೊಡಗಿದರು. ಎಲ್ಲರೂ ವಿಸ್ಮಯಾಳನ್ನು ಕೇಳುತ್ತಿದ್ದರು. ವಿಸ್ಮಯಾ ಐದನೇ ಕ್ಲಾಸು ಮುಗಿಸಿದಳು, ಆರಕ್ಕೆ ಬಂದಳು.

ವಿಸ್ಮಯಾ ಹೋದದ್ದನ್ನು ಬಲ್ಲವರಲ್ಲಿ ಆ ವಾರ್ಡಿನಲ್ಲಿ ಈಗ ಉಳಿದಿದ್ದವಳು ಒಬ್ಬಳೇ, ಹಿರಿಯ ನರ್ಸ್ ಕಮಲವೇಣಿ. ಅಲ್ಲಿಯೇ ಹುಟ್ಟಿ ಬೆಳೆದ ತಮಿಳಿನವಳು. ತಮಿಳು, ಇಂಗ್ಲಿಷು ಕಲಸಿ ಮಾತಾಡುತ್ತಿದ್ದಳು, ಅಲ್ಲಿನವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸುತ್ತಿದ್ದಳು. ಒಂದು ದಿನ ಲಿಫ್ಟಿನ ಬಳಿ ನಿಲ್ಲಿಸಿ, "ಅಕ್ಕಾ, ಇದು ಬೇಡ ಲಾ. ಇವರೆಲ್ಲ ನಿಮ್ಮ ಮಗಳನ್ನು ನಂಬಿಕೊಂಡು ಬದುಕ್ತಿದ್ದಾರೆ," ಎಂದಳು. ಮೋಹಿನಿ ತಲೆ ಆಡಿಸಿ ಲಿಫ್ಟ್ ಹತ್ತಿದಳು.

ಇನ್ನೊಂದನ್ನೂ ಹೇಳಬೇಕು. ಆ ವಾರ್ಡಿನಲ್ಲಿ ಮಕ್ಕಳು ಗುಣವಾಗಿ ಮನೆಗೆ ಹೋಗುತ್ತಿದ್ದುದೂ ಉಂಟು, ಹೋಗಿಬಿಡುತ್ತಿದ್ದುದೂ ಉಂಟು. ಮಗು ಹೋದ ಮನೆಯ ಕಡೆ ಮೋಹಿನಿ ಹಾಯುತ್ತಿರಲಿಲ್ಲ. ಪುತ್ರಜಯಾ ಊರಿನಲ್ಲಿದ್ದ ವಂದನಾ ಎಂಬ ಬೆಂಗಳೂರಿನವಳು, ತನ್ನ ನಾಲ್ಕು ವರ್ಷದ ಮಗುವನ್ನು ಕಳೆದುಕೊಂಡ ವಾರದಲ್ಲಿ ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ ಮೋಹಿನಿ ಫೋನು ಹೊಡೆದುಕೊಳ್ಳುವುದನ್ನು ನೋಡುತ್ತಾ ಕೂತಿದ್ದಳು. ಸ್ಕೂಲಿಗೆ ಹೋಗುವ ಮಗಳ ತಾಯಿ ಅವಳಿಗೆ ಏನು ಹೇಳಲು ಸಾಧ್ಯ?

ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಸೀತಾಲಕ್ಷ್ಮಿ ಸಿಕ್ಕಳು. ಗದಗಿನ ಕಡೆಯವಳು, ಮೂವತ್ತೆರಡರ ಹೆಂಗಸು. ಗಂಡ ನಿತ್ಯಾನಂದ ಶಾ ಆಲಂನ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮಗ ಭುವನ್‌ಗೆ ಎಂಟು ವರ್ಷ, ಅದೇ ಕಾಯಿಲೆ; ಅವನಿಗೂ ಒಡಹುಟ್ಟಿದವರಿಲ್ಲ. ವಾರ್ಡಿನಲ್ಲಿ ಮೋಹಿನಿ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿದ್ದೇ ಸೀತಾಲಕ್ಷ್ಮಿ ಎದ್ದುನಿಂತಳು.

"ನಿಮ್ಮ ಮಗಳಿಗೆ ಇದ ಆಗಿತ್ತಂತಲ್ರೀ ಅಕ್ಕಾರ? ಈಗ ಆರಾಮ ಇದ್ದಾಳಂತ?"

"ಏಳನೇ ಕ್ಲಾಸು," ಎಂದಳು ಮೋಹಿನಿ.

ಮಾರ್ಚಿನ ಮೊದಲ ವಾರ ಭುವನ್‌ಗೆ ಸೀರಂ ಕೊಟ್ಟರು. ಅದೇ ವಾರ ಗದಗಿನಲ್ಲಿ ನಿತ್ಯಾನಂದನ ತಂದೆ ತೀರಿಕೊಂಡರು. ಹದಿನೈದು ದಿನದಲ್ಲಿ ಬಂದುಬಿಡುತ್ತೇನೆಂದು ಆತ ಹೋದ. ಹದಿನೆಂಟನೇ ತಾರೀಖು ಮಲೇಷ್ಯಾ ಬಾಗಿಲು ಮುಚ್ಚಿತು; ಇನ್ನೊಂದು ವಾರದಲ್ಲಿ ಭಾರತವೂ ಮುಚ್ಚಿತು. ಅಪ್ಪ ಈ ಕಡೆ ಬರುವಂತಿಲ್ಲ. ರಕ್ತ ಇಲ್ಲದ ಮಗುವನ್ನು ವಿಮಾನ ಹತ್ತಿಸುವಂತಿಲ್ಲ. ವಾರ್ಡಿಗೂ ಹೊಸ ಕಾನೂನು ಬಂತು: ಒಂದು ಮಗುವಿಗೆ ಒಬ್ಬರೇ, ಹೊರಗಿನವರು ಯಾರೂ ಇಲ್ಲ. ಸೀತಾಲಕ್ಷ್ಮಿ ಮಗನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ, ಒಂದು ಸೂಟ್‌ಕೇಸಿನೊಂದಿಗೆ ಒಳಗೇ ಉಳಿದಳು.

ಮೋಹಿನಿ ಹದಿನಾಲ್ಕನೇ ಮಹಡಿಯಲ್ಲಿ ಉಳಿದಳು. ಮನೆಯಿಂದ ಒಬ್ಬರೇ, ಹತ್ತು ಕಿಲೋಮೀಟರಿನೊಳಗೆ, ದಿನಸಿಗೆ ಹೋಗಿಬರಬಹುದು. ಅನಿಲನೇ ಹೋಗುತ್ತಿದ್ದ. ಕೆಳಗೆ ಹೈವೇ ಬಯಲಿನ ಹಾಗೆ ಬಿದ್ದಿತ್ತು. ಮಾಮಾಕ್ ಎಂಬ ಬೀದಿಬದಿಯ ಚಹಾ ಹೋಟೆಲಿನ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಸರಪಳಿ ಹಾಕಿದ್ದರು. ಆಟದ ಮೈದಾನಕ್ಕೆ ಕೆಂಪು ಬಿಳಿ ಟೇಪು ಸುತ್ತಿದ್ದರು.

ಮೂರನೇ ದಿನ ಬೆಳಗ್ಗೆ ಅಡುಗೆಮನೆಯಿಂದ ಬಂದರೆ ವಿಸ್ಮಯಾಳ ಕೋಣೆಯ ಬಾಗಿಲು ತೆರೆದಿತ್ತು. ಅನಿಲ ಮಗಳ ಓದುವ ಮೇಜಿನ ಮೇಲೆ ಎರಡು ಮಾನಿಟರ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಾರೊಂದಿಗೋ ಸರ್ವರಿನ ವಿಷಯ ಮಾತಾಡುತ್ತಿದ್ದ. ಅವನನ್ನು ತಪ್ಪೆನ್ನುವ ಹಾಗೂ ಇರಲಿಲ್ಲ. ಹಾಲಿನಲ್ಲಿ ವೈಫೈ ಸರಿಯಾಗಿ ಸಿಗುತ್ತಿರಲಿಲ್ಲ. ಕೇಳಿದ್ದರೆ ಮೋಹಿನಿ ಬೇಡ ಎನ್ನುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಅಂದಿನಿಂದ ಅವಳು ಕಾಫಿ ಲೋಟವನ್ನು ಹೊಸ್ತಿಲಲ್ಲಿ ನೆಲದ ಮೇಲಿಟ್ಟು ಬರುತ್ತಿದ್ದಳು. ಒಳಗೆ ಕಾಲಿಡಲಿಲ್ಲ.

ಮಧ್ಯಾಹ್ನ ಮೂರಕ್ಕೆ ಸೀತಾಲಕ್ಷ್ಮಿಯ ಫೋನು ಬರುತ್ತಿತ್ತು. ಭುವನ್ ಮಲಗಿದ್ದರೆ ಆಕೆ ಪಿಸುಮಾತಿನಲ್ಲಿ ಅಳುತ್ತಿದ್ದಳು. ಎದ್ದಿದ್ದರೆ ಅವನೇ ಫೋನು ಕಿತ್ತುಕೊಳ್ಳುತ್ತಿದ್ದ. ಅವನಿಗೆ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷು ಬೆರೆಸಿದ ಕನ್ನಡದಲ್ಲಿ, ನಡುನಡುವೆ ಲಾ. ಮಾತ್ರೆಗಳಿಂದ ಅವನ ಕೆನ್ನೆಯ ಮೇಲೆ, ಹಣೆಯ ಮೇಲೆ ಕೂದಲು ಬೆಳೆಯತೊಡಗಿತ್ತು.

"ಆಂಟಿ, ವಿಸ್ಮಯಾ ಅಕ್ಕಾಗೂ ಹೀಗೇ ಕೂದಲು ಬಂದಿತ್ತಾ? ಲೈಕ್ ಮಂಕಿ?"

"ಬಂದಿತ್ತು ಪುಟ್ಟಾ. ಮಾತ್ರೆ ನಿಲ್ಲಿಸಿದ ಮೇಲೆ ಉದುರಿಹೋಗುತ್ತೆ."

"ಅವಳು ಏನಂತಾಳೆ, ಕೇಳಿ ಲಾ."

"ಕನ್ನಡಿ ನೋಡ್ಕೋಬೇಡ ಅಂತಾಳೆ. ನೋಡಿದ್ರೆ ತಾನೇ ಗೊತ್ತಾಗೋದು ಅಂತಾಳೆ."

ಭುವನ್ ನಕ್ಕ. ಅವನು ನಕ್ಕದ್ದನ್ನು ಕೇಳಿ ಎರಡು ವಾರವಾಗಿತ್ತು ಎಂದಳು ಸೀತಾಲಕ್ಷ್ಮಿ.

ಅಲ್ಲಿಂದ ಮುಂದೆ ಅದೇ ಆಯಿತು. ವಿಸ್ಮಯಾ ಅಕ್ಕಾಗೆ ಸೂಜಿ ಭಯವಿತ್ತಾ? ಪ್ಲೇಟ್‌ಲೆಟ್ ಹಾಕುವಾಗ ಅವಳಿಗೂ ಚಳಿ ಬರುತ್ತಿತ್ತಾ? ಅವಳಿಗೆ ಯಾವ ಗೇಮು ಇಷ್ಟ? ಮೋಹಿನಿ ಉತ್ತರ ಹೇಳುತ್ತಾ ಹೋದಳು. ಹನ್ನೆರಡು ವರ್ಷದ ವಿಸ್ಮಯಾ ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿ ಮ್ಯಾಗಿ ತಿನ್ನುತ್ತಿದ್ದಳು. ಗಣಿತದ ಮಿಸ್ಸನ್ನು ಅಣಕಿಸುತ್ತಿದ್ದಳು. ಅಪ್ಪನಷ್ಟೇ ಎತ್ತರವಾಗುತ್ತೇನೆಂದು ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ ನಿಲ್ಲುತ್ತಿದ್ದಳು. ಭುವನ್‌ಗೋಸ್ಕರ ಎಂದು ಶುರುವಾದದ್ದು ಅವಳಿಗೇ ಹಿತವಾಗತೊಡಗಿತು. ಬೆಳಗಾದರೆ ಮೂರು ಗಂಟೆಗೆ ಕಾಯುತ್ತಿದ್ದಳು. ಇವತ್ತು ವಿಸ್ಮಯಾ ಏನು ಮಾಡಿರಬಹುದು ಎಂದು ಪಾತ್ರೆ ತೊಳೆಯುತ್ತಾ ಯೋಚಿಸುತ್ತಿದ್ದಳು. ಹೊರಗೆ ಹೋಗಲು ದಾರಿಯಿಲ್ಲದ ಆ ಮನೆಯಲ್ಲಿ ಅದೊಂದೇ ಕಿಟಕಿ ತೆರೆದ ಹಾಗಿತ್ತು.

ಆದರೆ ಭುವನ್ ಮಗು, ಮಾತಿನಲ್ಲಿ ತೃಪ್ತನಾಗಲಿಲ್ಲ. "ವಿಡಿಯೋ ಮಾಡಿ ಆಂಟಿ. ಐ ವಾಂಟ್ ಟು ಸೀ ಹರ್."

ಒಂದು ದಿನ ಕ್ಲಾಸು ಎಂದಳು. ಒಂದು ದಿನ ನಿದ್ದೆ ಎಂದಳು. ಮೇ ತಿಂಗಳ ಒಂದು ಮಧ್ಯಾಹ್ನ ಅವನು ಹಟ ಹಿಡಿದ. ಆ ದಿನ ಅವನಿಗೆ ಮೂಗಿನಲ್ಲಿ ರಕ್ತ ಬಂದು ಹತ್ತಿ ತುರುಕಿದ್ದರು, ದನಿ ಗೊಗ್ಗರಾಗಿತ್ತು.

"ಅವಳು ಸ್ನಾನಕ್ಕೆ ಹೋಗಿದ್ದಾಳೆ ಪುಟ್ಟಾ. ಬಂದ್ಮೇಲೆ ಮಾಡಿಸ್ತೀನಿ. ತಲೆಗೆ ನೀರು ಹಾಕ್ಕೋತಿದ್ದಾಳೆ, ಲೇಟಾಗುತ್ತೆ."

ಫೋನು ಇಟ್ಟು ತಿರುಗಿದರೆ ಅನಿಲ ಖಾಲಿ ಲೋಟ ಹಿಡಿದು ನಿಂತಿದ್ದ. ಹೆಡ್‌ಫೋನು ಕುತ್ತಿಗೆಗೆ ಜೋತುಬಿದ್ದಿತ್ತು. ಅದರೊಳಗಿಂದ ಯಾರೋ ಅವನ ಹೆಸರು ಕರೆಯುತ್ತಿದ್ದರು.

"ಯಾರು ಸ್ನಾನಕ್ಕೆ ಹೋಗಿರೋದು, ಮೋಹಿನಿ?"

ಅನಿಲ ಬಚ್ಚಲುಮನೆಯ ಕಡೆ ನೋಡಿದ. ಆ ಒಂದು ನೋಟವನ್ನು ಮೋಹಿನಿ ಮುಂದೆಂದೂ ಮರೆಯಲಿಲ್ಲ. ಅವನು ನಿಜಕ್ಕೂ ನೋಡಿದ್ದ. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಮೋಹಿನಿ ಹೇಳಿದ್ದೆಲ್ಲವನ್ನೂ ಕೇಳಿದ. ಬೈಯಲಿಲ್ಲ.

"ನನಗೂ ಹೇಳಬಹುದಿತ್ತಲ್ಲ," ಎಂದ ಕೊನೆಗೆ.

"ಏನಂತ?"

"ಏನಾದ್ರೂ. ಅವಳು ಎಷ್ಟು ಎತ್ತರ ಆಗಿದ್ದಾಳೆ ಅಂತ." ಮುಖ ಉಜ್ಜಿಕೊಂಡು ಎದ್ದ. "ಆ ತಾಯಿಗೆ ನಿಜ ಹೇಳಿಬಿಡು."

"ಈಗ ಹೇಳಿದ್ರೆ ಅವಳು ಕುಸಿದುಹೋಗ್ತಾಳೆ, ರೀ. ಒಬ್ಬಳೇ ಇದ್ದಾಳೆ ಅಲ್ಲಿ."

"ಹೇಳದೆ ಹೋದ್ರೆ?"

ಹೇಳಿದರೂ ಕೆಡುಕು, ಬಿಟ್ಟರೂ ಕೆಡುಕು. ಮೂರು ಗಂಟೆಯಾದರೆ ಫೋನು ಎತ್ತುತ್ತಿದ್ದಳು, ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು, ವಿಸ್ಮಯಾ ಇವತ್ತು ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ಹೇಳಿ ಇಡುತ್ತಿದ್ದಳು. ಹೀಗೆ ಮೂರು ವಾರ ಹೋಯಿತು.

ಜೂನ್ ಎರಡನೇ ವಾರ ಕಮಲವೇಣಿಯ ಫೋನು ಬಂತು. ಯಾವತ್ತೂ ಮನೆಗೆ ಫೋನ್ ಮಾಡಿದವಳಲ್ಲ.

"ಅಕ್ಕಾ, ಕೇಳಿ. ಸೀರಂ ಕೆಲಸ ಮಾಡಿಲ್ಲ, ಕೌಂಟ್ ಏರ್ತಾ ಇಲ್ಲ. ಅಮ್ಮನ ಮಜ್ಜೆ ಅರ್ಧ ಹೊಂದುತ್ತೆ. ಅದನ್ನೇ ಹಾಕಿ ನೋಡೋಣ ಅಂತ ಡಾಕ್ಟರು ಮೂರು ವಾರದಿಂದ ಹೇಳ್ತಿದ್ದಾರೆ. ಅಪಾಯ ಇದೆ, ಆದರೆ ಇರೋದು ಅದೊಂದೇ. ಆಕೆ ಒಪ್ತಾ ಇಲ್ಲ, ನಿಮಗೂ ಹೇಳಿರಲಿಕ್ಕಿಲ್ಲ. ಯಾಕೆ ಗೊತ್ತಾ? ಮೋಹಿನಿ ಅಕ್ಕನ ಮಗಳಿಗೆ ಕಾದಿದ್ದಕ್ಕೇ ವಾಸಿಯಾಯ್ತು, ನಾವೂ ಕಾಯ್ತೀವಿ ಅಂತಾಳೆ."

ಮೋಹಿನಿ ಒಲೆ ಆರಿಸಿದಳು.

"ನಾನು ಹೇಳಬಹುದು," ಎಂದಳು ಕಮಲವೇಣಿ. "ಆದರೆ ಅದು ನಿಮ್ಮ ಕೆಲಸ."

ಅಷ್ಟರಲ್ಲಿ ಲಾಕ್‌ಡೌನ್ ಸಡಿಲವಾಗಿತ್ತು. ವಾರ್ಡಿಗೆ ಹೋಗುವಂತಿರಲಿಲ್ಲ, ಆದರೆ ತಾಯಂದಿರು ಹತ್ತು ನಿಮಿಷ ಕೆಳಗಿಳಿದು ಬಂದು ಊಟದ ಚೀಲ ತೆಗೆದುಕೊಂಡು ಹೋಗಬಹುದಿತ್ತು. ಮರುದಿನ ಅನಿಲ ಕಾರು ಓಡಿಸಿದ. ಲಾಬಿಯ ನೆಲದ ಮೇಲೆ ಹಳದಿ ಟೇಪಿನಲ್ಲಿ ಅಡ್ಡಗೆರೆ ಹಾಕಿದ್ದರು. ಆ ಕಡೆ ಸೀತಾಲಕ್ಷ್ಮಿ ನಿಂತಳು, ಈ ಕಡೆ ಮೋಹಿನಿ. ಮೂರು ತಿಂಗಳಲ್ಲಿ ಸೀತಾಲಕ್ಷ್ಮಿ ಅರ್ಧವಾಗಿದ್ದಳು. ಮಾಸ್ಕಿನ ಮೇಲೆ ಕಣ್ಣು ಎರಡೇ ಕಾಣುತ್ತಿದ್ದವು.

"ಎಷ್ಟು ದಿನ ಆತ್ರಿ ಅಕ್ಕಾರ ನಿಮ್ಮ ಮಾರಿ ನೋಡಿ! ವಿಸ್ಮಯಾನ್ನ ಕರಕೊಂಡು ಬಂದೀರೇನು? ಕಾರಿನ್ಯಾಗ ಇದ್ದಾಳ?"

"ಸೀತಾ, ವಿಸ್ಮಯಾ ಇಲ್ಲ."

"ಮನ್ಯಾಗ ಬಿಟ್ಟು ಬಂದ್ರಿ?"

"ಅವಳು ಹೋಗಿ ಮೂರು ವರ್ಷ ಆಯ್ತು. ಕಾದ್ವಿ. ವಾಸಿ ಆಗ್ಲಿಲ್ಲ. ಇದೇ ವಾರ್ಡಲ್ಲಿ."

ಸೀತಾಲಕ್ಷ್ಮಿಯ ಹಿಂದೆ ಲಿಫ್ಟಿನ ಬಾಗಿಲು ತೆರೆದು ಮುಚ್ಚಿತು.

"ಹಂಗಾರ ನನ್ನ ಮಗ ದಿನಾ ಮಾತಾಡಿದ್ದು ಯಾರ ಸಂಗಾಟ?"

"ನನ್ನ ಜೊತೆ."

"ಕೂದಲಾ ಉದರತಾವ ಅಂದದ್ದು? ಸೂಜಿಗೆ ಹಾಡು ಹಾಡ್ಕೋ ಅಂದದ್ದು?"

"ಹಾಡು ನಿಜ. ಅವಳು ಹಾಡ್ಕೋತಿದ್ದಳು." ಮೋಹಿನಿ ಟೇಪಿನ ಹತ್ತಿರ ಬಂದಳು. "ಡಾಕ್ಟರು ಹೇಳ್ತಿರೋದನ್ನ ಕೇಳು ಸೀತಾ. ನನ್ನನ್ನ ನೋಡಿ ಕಾಯಬೇಡ."

ಸೀತಾಲಕ್ಷ್ಮಿ ತಾನು ತೆಗೆದುಕೊಂಡಿದ್ದ ಊಟದ ಚೀಲವನ್ನು ಮೆಲ್ಲಗೆ ಟೇಪಿನ ಮೇಲಿಟ್ಟಳು. ಲಿಫ್ಟಿನ ಕಡೆ ನಡೆದಳು. ಮೋಹಿನಿ ಆ ಚೀಲ ಎತ್ತಿಕೊಂಡು ಬಂದು ಕಾರಿನಲ್ಲಿ ಕೂತಳು. ಅನಿಲ ಕಾರು ತಿರುಗಿಸಿದ.

ಮೂರು ಗಂಟೆಯ ಫೋನು ನಿಂತಿತು. ಸೀತಾಲಕ್ಷ್ಮಿ ಒಪ್ಪಿಕೊಂಡಳೆಂದೂ, ಜುಲೈ ಕೊನೆಗೆ ಮಜ್ಜೆ ಹಾಕುವರೆಂದೂ ಕಮಲವೇಣಿಯಿಂದ ತಿಳಿಯಿತು. ಜುಲೈ ಮಧ್ಯದಲ್ಲಿ, ಬೆಳಗ್ಗೆ ಹತ್ತಕ್ಕೆ, ಸೀತಾಲಕ್ಷ್ಮಿಯ ಹೆಸರು ಫೋನಿನಲ್ಲಿ ಮೂಡಿತು.

"ನನ್ನ ಮಜ್ಜಿ ತಗೋಳಾಕ ಎರಡು ದಿನ ಬ್ಯಾರೆ ವಾರ್ಡಿನ್ಯಾಗ ಇರಬೇಕಂತ," ಎಂದಳು. ಅಕ್ಕಾರ ಎನ್ನಲಿಲ್ಲ. "ಭುವನ್ ಹತ್ರ ಒಬ್ಬರು ಬೇಕು. ನಮ್ಮವರು ಯಾರೂ ಇಲ್ಲ ಇಲ್ಲಿ. ಅವಂಗ ನಿಮ್ಮ ರೂಢಿ ಅದ."

"ಬರ್ತೀನಿ."

"ಒಂದು ಮಾತು. ಅವಂಗ ನಾ ಇನ್ನೂ ಹೇಳಿಲ್ಲ. ಕೇಳಿದ್ರ ಖರೇನ ಹೇಳ್ರಿ. ಮತ್ತ ಸುಳ್ಳು ಹೇಳಬ್ಯಾಡ್ರಿ ನನ್ನ ಮಗಗ."

ಜುಲೈ ಕೊನೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡಿಸಿಕೊಂಡು, ಗೌನು ತೊಟ್ಟು ಮೋಹಿನಿ ಒಳಗೆ ಹೋದಳು. ಎರಡು ಬಾಗಿಲು ದಾಟಿ ಹೋಗುವ ಕೋಣೆ. ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುತ್ತದೆ. ಕಿಟಕಿ ತೆಗೆಯುವ ಹಾಗಿಲ್ಲ. ಅವಳಿಗೆ ಆ ಕೋಣೆಯ ಗಾಳಿಯ ಸದ್ದು ಕೂಡ ಗೊತ್ತಿತ್ತು. ಕಾಲು ಹಿಂದೆ ಸರಿಯಿತು, ಆದರೆ ಹಿಂದಿನ ಬಾಗಿಲು ಆಗಲೇ ಮುಚ್ಚಿತ್ತು.

ಮಜ್ಜೆ ಹಾಕುವ ಮುಂಚೆ ಕೊಟ್ಟ ಕೀಮೋದಿಂದ ಭುವನ್ ಬಾಯೆಲ್ಲ ಹುಣ್ಣಾಗಿ ಸೊರಗಿದ್ದ. ಮೊದಲ ದಿನ ಏನೂ ಕೇಳಲಿಲ್ಲ. ಎರಡನೇ ದಿನ ಮಧ್ಯಾಹ್ನ ಅವನ ತುಟಿಗೆ ಮುಲಾಮು ಹಚ್ಚುತ್ತಿದ್ದಾಗ ಕೇಳಿದ.

"ವಿಸ್ಮಯಾ ಅಕ್ಕಾ ಹ್ಯಾಸ್ ಡೈಡ್, ರೈಟ್?"

ಮುಲಾಮಿನ ಬೆರಳು ಹಾಗೇ ನಿಂತಿತು. "ಯಾರು ಹೇಳಿದ್ರು?"

"ಯಾರೂ ಇಲ್ಲ. ಫೋನಲ್ಲಿ ಅವಳ ಸೌಂಡ್ ಒಂದು ಸಲಾನೂ ಬರಲಿಲ್ಲ ಲಾ." ಇದನ್ನು ಅವನು ಆದಷ್ಟೂ ಕನ್ನಡದಲ್ಲಿಯೇ ಹೇಳಿದ, ಪದ ಪದ ಹುಡುಕಿಕೊಂಡು.

"ಹೌದು ಪುಟ್ಟಾ. ನಾನು ನಿನಗೆ ಸುಳ್ಳು ಹೇಳಿದೆ. ತಪ್ಪಾಯ್ತು."

"ನೋವಾಯ್ತಾ ಅವಳಿಗೆ?"

ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. ಅನಿಲ ಕೂಡ. "ಸ್ವಲ್ಪ ದಿನ ಆಯ್ತು," ಎಂದಳು. "ಕೊನೇಲಿ ಇಲ್ಲ. ಔಷಧಿ ಕೊಟ್ಟಿದ್ರು, ನಿದ್ದೇಲಿದ್ಲು. ನಾನು ಕಾಲು ಒತ್ತುತ್ತಾ ಇದ್ದೆ."

ಭುವನ್ ಚಾವಣಿ ನೋಡುತ್ತಾ ಮಲಗಿದ್ದ. ಆಮೇಲೆ, "ನನ್ನ ಕಾಲೂ ಒತ್ತಿ," ಎಂದ. ಮೋಹಿನಿ ಒತ್ತಿದಳು. ಕೈಗವಸಿನೊಳಗೆ ಬೆರಳು ಬೆವೆತಿದ್ದವು. "ನಾನು ಕೇಳಿದೆ ಅಂತ ಅಮ್ಮಂಗೆ ಹೇಳಬೇಡಿ," ಎಂದು ಕಣ್ಣು ಮುಚ್ಚಿದ.

ಮಜ್ಜೆ ಹಾಕಿದರು. ಮೂರು ವಾರಕ್ಕೆ ಬಿಳಿ ಕಣಗಳು ಚೂರು ಏರಿದವು. ನಿತ್ಯಾನಂದ ಗದಗಿನಲ್ಲಿ ಪೇಡೆ ಹಂಚಿದ. ಆಮೇಲೆ ಜ್ವರ ಬಂತು. ಸೆಪ್ಟೆಂಬರಿನ ಮೊದಲ ವಾರ, ಬೆಳಗಿನ ಹನ್ನೊಂದು ಗಂಟೆಗೆ, ಭುವನ್ ಹೋದ.

ಚಿತಾಗಾರದಲ್ಲಿ ಬೆರಳೆಣಿಕೆಯಷ್ಟು ಜನ. ಅನಿಲ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಅದರಲ್ಲಿ ನಿತ್ಯಾನಂದ ಕಾಣುತ್ತಿದ್ದ. ನೆಟ್‌ವರ್ಕ್ ಸಿಕ್ಕಿಹಾಕಿಕೊಂಡು ಅವನ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಅನಿಲ ಫೋನು ಕೆಳಗಿಳಿಸಲಿಲ್ಲ. ಅದೇ ವಾರ ಭಾರತದಿಂದ ಬರುವವರಿಗೆ ಮಲೇಷ್ಯಾ ಮತ್ತಷ್ಟು ಬಿಗಿಯಾಗಿ ಬಾಗಿಲು ಹಾಕಿತು. ಇಲ್ಲಿಂದ ಅಲ್ಲಿಗೆ ವಾಪಸು ಕರೆದೊಯ್ಯುವ ವಿಮಾನದಲ್ಲಿ ಸೀತಾಲಕ್ಷ್ಮಿಗೆ ಸೀಟು ಸಿಗಲು ಹನ್ನೊಂದು ದಿನ ಕಾಯಬೇಕಿತ್ತು.

"ನಮ್ಮ ಮನೆಗೆ ಬಾ," ಎಂದಳು ಮೋಹಿನಿ.

ಸೀತಾಲಕ್ಷ್ಮಿ ಬೂದಿಯ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು. "ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ಲ," ಎಂದಳು. "ಆದ್ರ ನಂಗ ಹೋಗಾಕ ಬ್ಯಾರೆ ಮನಿ ಇಲ್ಲ."

ಅನಿಲ ಆಗಲೇ ತನ್ನ ಮಾನಿಟರುಗಳನ್ನು ಹಾಲಿಗೆ ಸಾಗಿಸಿದ್ದ. ವಿಸ್ಮಯಾಳ ಮಂಚಕ್ಕೆ ಹಾಸಿಗೆ ಹಾಸಬೇಕಿತ್ತು. ಮೋಹಿನಿ ದುಪ್ಪಟಿ ಹಿಡಿದು ಹೊಸ್ತಿಲಲ್ಲಿ ನಿಂತಳು, ಆಮೇಲೆ ಒಳಗೆ ಹೋಗಿ ಹಾಸಿದಳು.

ಆ ಹನ್ನೊಂದು ದಿನ ಅವಳಿಗೆ ಓಡಿಹೋಗಲು ಜಾಗವಿರಲಿಲ್ಲ. ಮಗು ಕಳೆದುಕೊಂಡ ತಾಯಂದಿರಿಂದ ಎರಡು ವರ್ಷ ತಪ್ಪಿಸಿಕೊಂಡವಳಿಗೆ ಈಗ ಅಂಥ ತಾಯಿ ಮನೆಯೊಳಗೇ ಇದ್ದಳು, ಅಡುಗೆಮನೆಯಲ್ಲಿ ಎದುರಾಗುತ್ತಿದ್ದಳು. ಕೆಲವು ದಿನ ಸೀತಾಲಕ್ಷ್ಮಿ ಹಾಸಿಗೆ ಬಿಟ್ಟೇಳುತ್ತಿರಲಿಲ್ಲ. ಮೋಹಿನಿ ಅನ್ನ ಕಲಸಿ ತಂದು ಪಕ್ಕದಲ್ಲಿ ಕೂರುತ್ತಿದ್ದಳು. ಸಮಾಧಾನ ಹೇಳಲು ಹೋಗಲಿಲ್ಲ. ಒಮ್ಮೆ ಸೀತಾಲಕ್ಷ್ಮಿ ಇದ್ದಕ್ಕಿದ್ದಂತೆ, "ಎದಿ ಹಾಲು ಬಿಟ್ಟು ಏಳು ವರ್ಷ ಆತು, ಈಗ ಎದಿ ನೋಯತಾವರೀ, ಹುಚ್ಚು ಹಿಡದದೇನು ನಂಗ?" ಎಂದಳು. "ನನಗೂ ಹಾಗೇ ಆಗಿತ್ತು," ಎಂದಳು ಮೋಹಿನಿ. ಆ ಮಾತು ನಿಜವಾಗಿತ್ತು. ಬೇರೆ ಯಾರಿಗೂ ಅದನ್ನು ಹೇಳಿರಲಿಲ್ಲ.

ಹೊರಡುವ ಮುಂಚಿನ ದಿನ ಸೀತಾಲಕ್ಷ್ಮಿ ಕೇಳಿದಳು: "ಆ ಎರಡು ದಿನದಾಗ ನಿಮಗ ಏನರ ಕೇಳಿದನೇನು ಅಂವ?"

ಹೇಳಬೇಡಿ ಎಂದಿದ್ದ ಮಗು ಒಂದು ಕಡೆ. ಸುಳ್ಳು ಹೇಳಬೇಡಿ ಎಂದಿದ್ದ ತಾಯಿ ಒಂದು ಕಡೆ. "ಕೇಳಿದ," ಎಂದಳು ಮೋಹಿನಿ. "ಏನು ಕೇಳಿದ ಅಂತ ಹೇಳಬೇಡ ಅಂದಿದ್ದಾನೆ."

"ಹಂಗಾರ ಹೇಳಬ್ಯಾಡ್ರಿ," ಎಂದು ಸೀತಾಲಕ್ಷ್ಮಿ ಗೋಡೆಯ ಕಡೆ ತಿರುಗಿ ಮಲಗಿದಳು.

ಆಕೆ ಹೋದಮೇಲೆ ಮೋಹಿನಿ ಪುತ್ರಜಯಾದ ವಂದನಾಗೆ ಫೋನ್ ಮಾಡಿದಳು. "ಈಗ ಯಾಕೆ ಮಾಡಿದ್ರಿ?" ಎಂದು ಆಕೆ ಒರಟಾಗಿಯೇ ಕೇಳಿದಳು. ಮೋಹಿನಿ ಎಲ್ಲ ಹೇಳಿದಳು. ವಂದನಾ ಫೋನಿಟ್ಟಳು. ಹತ್ತು ದಿನದ ಮೇಲೆ ತಾನೇ ಮಾಡಿದಳು.

ಮುಂದಿನ ಜನವರಿಯಲ್ಲಿ ಮತ್ತೆ ಲಾಕ್‌ಡೌನ್ ಬಂತು, ಜೂನಿನಲ್ಲಿ ಇನ್ನೂ ಬಿಗಿಯಾಗಿ ಬಂತು. ವಾರ್ಡಿನ ಹೊಸ ತಾಯಂದಿರು ಕೇಳಿದರೆ ಮಾತ್ರ ಕಮಲವೇಣಿ ಮೋಹಿನಿಯ ನಂಬರು ಕೊಡುತ್ತಿದ್ದಳು. ಮೋಹಿನಿ ಮೊದಲಿಗೇ ಹೇಳಿಬಿಡುತ್ತಿದ್ದಳು: "ನನ್ನ ಮಗಳಿಗೆ ಇದೇ ಇತ್ತು, ಅವಳು ಉಳಿಯಲಿಲ್ಲ. ಆದರೂ ನನ್ನ ಜೊತೆ ಮಾತಾಡ್ತೀರಾ?" ಅರ್ಧದಷ್ಟು ಜನ ಬೇಡ ಎಂದು ಇಟ್ಟುಬಿಡುತ್ತಿದ್ದರು. ಅಪಶಕುನ ಎಂದುಕೊಂಡವರೂ ಇದ್ದರು. ಉಳಿದವರ ಜೊತೆ ಬ್ರಷ್ಷಿನಿಂದ ಹಿಡಿದು ಜ್ವರದ ತನಕ ಮಾತಾಡುತ್ತಿದ್ದಳು. ಮಗು ಹೋದಮೇಲೂ ಅವರ ಫೋನು ಬರುತ್ತಿತ್ತು, ಈಗ ಎತ್ತುತ್ತಿದ್ದಳು.

ಒಂದು ಪ್ರಶ್ನೆ ಮಾತ್ರ ಅವಳನ್ನು ಬಿಡಲಿಲ್ಲ. ಮೂರು ವಾರ ಮೊದಲೇ ಹೇಳಿದ್ದರೆ? ಕಮಲವೇಣಿಯನ್ನು ಕೇಳಿದಳು. "ಯಾರಿಗೂ ಗೊತ್ತಾಗಲ್ಲ ಅಕ್ಕಾ. ನನ್ನನ್ನ ಕೇಳಬೇಡಿ," ಎಂದಳು ಆಕೆ. ಅನಿಲ ಏನೂ ಆಗುತ್ತಿರಲಿಲ್ಲ ಎಂದ. ಅವನು ಗಂಡ, ಹಾಗೆ ಹೇಳಲೇಬೇಕು. ಹದಿನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಹರವುವಾಗ, ಅಕ್ಕಿ ತೊಳೆಯುವಾಗ, ಅದು ಬಂದು ಎದುರು ನಿಲ್ಲುತ್ತಿತ್ತು. ಅದರಿಂದ ಆಚೆ ಹೋಗುವ ದಾರಿ ಅವಳಿಗೆ ಕಾಣಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ, ಒಂದು ಭಾನುವಾರ ಬೆಳಗ್ಗೆ, ಗದಗಿನಿಂದ ಸೀತಾಲಕ್ಷ್ಮಿ ಫೋನ್ ಮಾಡಿದಳು. ಆಗೀಗ ಮಾಡುತ್ತಿದ್ದಳು, ಕೆಲವು ಸಲ ತಿಂಗಳುಗಟ್ಟಲೆ ಎತ್ತುತ್ತಲೂ ಇರಲಿಲ್ಲ. ಹಿಂದುಗಡೆ ಯಾರೋ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮಳೆ, ಅತ್ತೆಯ ಮೊಣಕಾಲು, ನಿತ್ಯಾನಂದನಿಗೆ ಹುಬ್ಬಳ್ಳಿಯಲ್ಲಿ ಸಿಕ್ಕ ಹೊಸ ಕೆಲಸ ಎಲ್ಲ ಆಯಿತು.

"ಅಕ್ಕಾರ, ಒಂದು ಕೇಳ್ತೇನಿ. ನೀವು ಮೂರು ವಾರ ಮೊದಲ ಹೇಳಿದ್ರ, ನಾ ಮೂರು ವಾರ ಮೊದಲ ಹೂಂ ಅಂದ್ರ, ಅಂವ ಉಳೀತಿದ್ದನೇನು?"

ಮೋಹಿನಿ ಕುರ್ಚಿ ಎಳೆದುಕೊಂಡು ಕೂತಳು. "ಗೊತ್ತಿಲ್ಲ ಸೀತಾ," ಎಂದಳು. "ನಾನೂ ದಿನಾ ಕೇಳ್ಕೋತೀನಿ."

"ದಿನಾ?"

"ದಿನಾ."

ಆ ಕಡೆ ರೊಟ್ಟಿಯ ಸದ್ದು ನಿಂತಿತ್ತು. ಸೀತಾಲಕ್ಷ್ಮಿ ಮತ್ತೆ ಏನೂ ಕೇಳಲಿಲ್ಲ, ಫೋನನ್ನೂ ಇಡಲಿಲ್ಲ. ಮೋಹಿನಿಯೂ ಇಡಲಿಲ್ಲ.